ಅಮ್ಮನ ನಗುವಿನ ಲೆಕ್ಕ

ಹೇಮಾವತಿ ನದಿಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮೋಕ್ಷದ ಪಾಠ ಇರಲಿಲ್ಲ. ಬಿ.ಕಾಂ. ಮೊದಲ ವರ್ಷದ ಸಂಖ್ಯಾಶಾಸ್ತ್ರದ ಪಾಠ ಇತ್ತು.

ಗುರುವಿನ ಹೆಸರು ಗಿರಿಜಾಂಬ. ಮೂವತ್ತು ವರ್ಷ ಕಾಲೇಜಿನಲ್ಲಿ ಸೀಮೆಸುಣ್ಣದ ಪುಡಿ ಕುಡಿದು, ನಿವೃತ್ತಿಯಾದ ಮೇಲೆ ಇಲ್ಲಿ ಬಂದು ನೆಲೆಸಿದವರು. ಅಂಕಿ ಕಂಡರೆ ಬೆವರುವ ಮಕ್ಕಳು ರಜೆ ಬಂತೆಂದರೆ ಇಲ್ಲಿಗೆ ಬಂದು ತಿಂಗಳುಗಟ್ಟಲೆ ಕಲಿತು ಹೋಗುತ್ತಿದ್ದರು. ಎಲ್ಲರಿಗೂ ಅವರು ಅಮ್ಮ.

ವರ್ಷವಿಡೀ ಅಲ್ಲೇ ಇದ್ದ ಶಿಷ್ಯರು ಇಬ್ಬರೇ. ತಿರುಮಲೇಶ ಬಂದು ಐದು ವರ್ಷವಾಗಿತ್ತು. ಹಾಲಪ್ಪ ಬಂದು ಐದು ತಿಂಗಳು.

ತಿರುಮಲೇಶನ ಲೆಕ್ಕ ತಪ್ಪಿದ್ದನ್ನು ಕಂಡವರಿಲ್ಲ. ಹಾಲಪ್ಪನಿಗೆ ಸರಾಸರಿ ಯಾವುದು, ಮಧ್ಯಾಂಕ ಯಾವುದು ಎಂಬುದು ವಾರಕ್ಕೊಮ್ಮೆ ಮರೆತುಹೋಗುತ್ತಿತ್ತು. ಆದರೂ ಅಮ್ಮ ನಗುತ್ತಿದ್ದುದು ಹಾಲಪ್ಪನ ಜೊತೆ. ನದಿಯ ಮೆಟ್ಟಿಲ ಮೇಲೆ ನಗು, ಜಗಲಿಯಲ್ಲಿ ನಗು, ಊಟದಿಂದ ಏಳುವಾಗಲೂ ನಗು.

ಆ ನಗು ಕಿವಿಗೆ ಬಿದ್ದಾಗಲೆಲ್ಲ ತಿರುಮಲೇಶನ ಹೊಟ್ಟೆಯೊಳಗೆ ಯಾರೋ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ತನ್ನ ಪುಸ್ತಕ ನೋಡಿ "ಸರಿ ಇದೆ" ಎಂದು ಒಂದು ಗೀಟು ಹಾಕಿ ವಾಪಸು ಕೊಟ್ಟರೆ ಮುಗಿಯಿತು. ತಪ್ಪು ಮಾಡುವವನಿಗೆ ನಗು, ಮಾಡದವನಿಗೆ ಗೀಟು. ಇದೆಲ್ಲಿಯ ನ್ಯಾಯ?

ಅಷ್ಟರಲ್ಲಿ ಅಮ್ಮ ಒಂದು ದಿನ ಹೇಳಿದರು, "ಇನ್ನೆರಡು ತಿಂಗಳಿಗೆ ಹೊಸ ತಂಡ ಬರ್ತದೆ. ಮೊದಲ ಪಾಠ ಈ ಸಲ ನಾನು ಮಾಡಲ್ಲ. ನಿಮ್ಮಿಬ್ಬರಲ್ಲಿ ಒಬ್ಬರು ಮಾಡ್ಬೇಕು."

ಐದು ವರ್ಷದಿಂದ ತಿರುಮಲೇಶ ಕಾಯುತ್ತಿದ್ದ ಮಾತು ಅದು. ಆದರೆ "ಒಬ್ಬರು" ಎನ್ನುವಾಗ ಅಮ್ಮನ ಕಣ್ಣು ಹಾಲಪ್ಪನ ಕಡೆ ಹೋಯಿತು. ಹೋಯಿತು ಅಂತ ತಿರುಮಲೇಶನಿಗೆ ಅನ್ನಿಸಿತು. ಹೊಟ್ಟೆಕಿಚ್ಚಿನವನಿಗೆ ಎರಡೂ ಒಂದೇ.

ಬೇರೆಯವನಾಗಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದ. ಇವನು ಸಂಖ್ಯಾಶಾಸ್ತ್ರದ ಶಿಷ್ಯ. ಒಂದು ನೋಟುಬುಕ್ಕು ತಂದು, ಗೆರೆ ಎಳೆದು, ಎರಡು ಕಾಲಂ ಮಾಡಿದ. ಒಂದರ ತಲೆಯ ಮೇಲೆ 'ಹಾಲಪ್ಪ', ಇನ್ನೊಂದರ ಮೇಲೆ 'ನಾನು'.

ನಲವತ್ತು ದಿನವಾದ ಮೇಲೆ ಅದನ್ನು ಅಮ್ಮನ ಮುಂದೆ ಇಟ್ಟ.

"ಏನಪ್ಪಾ ಇದು?"

"ನೀವು ಹಾಲಪ್ಪನ ಜೊತೆ ಇನ್ನೂರ ಎಂಬತ್ತಾರು ಸಲ ನಕ್ಕಿದ್ದೀರಿ. ನನ್ನ ಜೊತೆ ಹನ್ನೊಂದು ಸಲ. ಆಕಸ್ಮಿಕವಾಗಿ ಹೀಗೆ ಆಗೋದು ಸಾವಿರಕ್ಕೆ ಒಂದು ಸಲವೂ ಇಲ್ಲ. ನಿಮಗೆ ಅವನ ಮೇಲೇ ಪ್ರೀತಿ. ಇದಕ್ಕೆ ಆಧಾರ ಇದೆ."

ಹೇಳುವಾಗ ಅವನ ದನಿ ನಡುಗಿತು. ಆಧಾರ ಇದ್ದರೆ ನಡುಗಬಾರದು ಅಂದುಕೊಂಡಿದ್ದ.

ಅಮ್ಮ ಕನ್ನಡಕ ಹಾಕಿಕೊಂಡು ಪುಟ ಪುಟವೂ ಕೂಡಿ ನೋಡಿದರು.

"ಕೂಡಿದ್ದು ಸರಿ ಇದೆ" ಎಂದರು.

ಮತ್ತೆ ಅದೇ 'ಸರಿ ಇದೆ'! ತಿರುಮಲೇಶ ಹಲ್ಲು ಕಚ್ಚಿದ.

"ಯಾವ್ಯಾವಾಗ ಬಂದು ನೋಡ್ದೆ?"

"ನಗು ಕೇಳಿಸಿದಾಗಲೆಲ್ಲ."

"ಕೇಳಿಸದೆ ಇದ್ದಾಗ?"

"ಆಗ ನೋಡೋಕೆ ಏನಿದೆ ಅಮ್ಮ?"

 ಅಮ್ಮ ಹಳೆಯ ಉತ್ತರಪತ್ರಿಕೆಯೊಂದನ್ನು ಹರಿದು ಚೀಟಿ ಮಾಡಿದರು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಕಾಲು ಕಾಲು ಗಂಟೆಗೆ ಒಂದೊಂದು ಚೀಟಿ. ಎಲ್ಲವನ್ನೂ ಮಡಚಿ ಒಂದು ಮಡಕೆಗೆ ಹಾಕಿ ಅವನ ಮುಂದೆ ತಳ್ಳಿದರು.

"ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಆರು ಚೀಟಿ ಎತ್ತು. ಚೀಟಿ ಹೇಳಿದ ಹೊತ್ತಿಗೆ ಬಂದು ನನ್ನ ನೋಡು. ಕಂಡದ್ದು ಬರಿ, ಹೋಗು. ಹತ್ತು ದಿನ. ಆಮೇಲೆ ಪಾಠದ ಮಾತು."

ತಿರುಮಲೇಶ ಒಪ್ಪಿದ. ಮಡಕೆಯಾದರೂ ತನ್ನ ಪರ ಸಾಕ್ಷಿ ಹೇಳೀತು ಎಂಬ ಆಸೆ.

ಮೊದಲ ದಿನದ ಮೊದಲ ಚೀಟಿ, ಏಳೂಕಾಲು. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಹಾಲಪ್ಪ ಇರಲಿಲ್ಲ. ಹೊಸ ನೋಟುಬುಕ್ಕಿನಲ್ಲಿ ಬರೆದುಕೊಂಡ.

ಹತ್ತು ಗಂಟೆ. ಅಮ್ಮ ತಲೆಯ ಮೇಲಿದ್ದ ಕನ್ನಡಕವನ್ನು ಕಪಾಟಿನಲ್ಲಿ ಹುಡುಕುತ್ತಿದ್ದರು. ಹಾಲಪ್ಪ ಇರಲಿಲ್ಲ. ತಿರುಮಲೇಶನಿಗೆ ಸ್ವಲ್ಪ ನಿರಾಸೆಯೇ ಆಯಿತು. ಹೊಟ್ಟೆ ಉರಿಯಲು ಸಿದ್ಧವಾಗಿ ಬಂದವನಿಗೆ ಕಾರಣ ಸಿಗದೆ ಹೋದರೆ ಕೈಕಾಲು ಆಡುವುದಿಲ್ಲ.

ಎರಡೂವರೆ. ಅಮ್ಮ ಒಬ್ಬರೇ ಕಂಬಕ್ಕೆ ಒರಗಿ ಕೂತು ಎಡ ಮೊಣಕಾಲು ತಿಕ್ಕುತ್ತಿದ್ದರು.

ನಾಲ್ಕನೇ ದಿನ ಬೇಕಾದದ್ದು ಸಿಕ್ಕಿತು. ಹಾಲಪ್ಪ ಅಮ್ಮನ ಕೈ ಹಿಡಿದು ಮೆಟ್ಟಿಲು ಹತ್ತಿಸುತ್ತಿದ್ದ. ಅಮ್ಮ ಗಟ್ಟಿಯಾಗಿ ನಗುತ್ತಿದ್ದರು. ತಿರುಮಲೇಶ ಸೀಸದಕಡ್ಡಿ ಒತ್ತಿದ ಏಟಿಗೆ ಹಾಳೆ ಹರಿಯಿತು. 'ಹಾಲಪ್ಪ. ಕೈ. ನಗು.' ಅಷ್ಟು ಬರೆದು ಮರೆಗೆ ಹೋಗಿ ನಿಂತ. ಆ ಕೈ ತನ್ನದಾಗಿದ್ದರೆ ಎಂದು ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಮತ್ತೆ ಅಮ್ಮ ಒಬ್ಬರೇ. ಅದೇ ಮೊಣಕಾಲು.

ಹತ್ತನೇ ದಿನದ ಕಡೆಯ ಚೀಟಿ, ನಾಲ್ಕೂ ಮುಕ್ಕಾಲು. ಹಾಲಪ್ಪ ರಾಗಿ ಬೀಸಿಸಲು ಊರಿನ ಗಿರಣಿಗೆ ಹೋಗಿದ್ದ. ಅಮ್ಮ ನೀರಿನ ಹತ್ತಿರ, ಮೂರನೇ ಮೆಟ್ಟಿಲ ಮೇಲೆ ಕೂತಿದ್ದರು. ಏಳಲು ನೋಡಿದರು, ಆಗಲಿಲ್ಲ. ಕೈಯೂರಿ ಮತ್ತೆ ನೋಡಿದರು, ಆಗಲಿಲ್ಲ.

ಕಂಡದ್ದು ಬರಿ, ಹೋಗು. ನಿಯಮ ಅಷ್ಟೇ. ತಿರುಮಲೇಶ ಸೀಸದಕಡ್ಡಿ ಎತ್ತಿದ.

ಆಮೇಲೆ ಅದನ್ನು ಜೇಬಿಗೆ ಹಾಕಿ ಮೆಟ್ಟಿಲು ಇಳಿದ.

ಅವನ ಕೈ ಹಿಡಿದು ಅಮ್ಮ ಎದ್ದರು. ಎಡಗಾಲು ಊರಿದ್ದೇ ತಡ, ಗಟ್ಟಿಯಾಗಿ ನಕ್ಕರು. ಅದೇ ನಗು. ಇನ್ನೂರ ಎಂಬತ್ತಾರು ಸಲ ಅವನು ದೂರದಿಂದ ಕೇಳಿಸಿಕೊಂಡ ನಗು. ಹತ್ತಿರದಿಂದ ನೋಡಿದರೆ ಅಮ್ಮನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಣೆಯ ಮೇಲೆ ಬೆವರು ಒಡೆದಿತ್ತು.

ಹಂಬಲಿಸಿದ್ದು ಸಿಕ್ಕಿತ್ತು. ತಿರುಮಲೇಶನಿಗೆ ಅಳು ಬಂತು.

ಮಾರನೆಯ ಬೆಳಿಗ್ಗೆ ಅಮ್ಮ ಎರಡನೇ ನೋಟುಬುಕ್ಕು ಕೇಳಿ ಪಡೆದರು.

"ನಾನು ಹಾಲಪ್ಪನ ಜೊತೆ ಇದ್ದದ್ದು ಐದು ಸಲ. ನಿನ್ನ ಪುಸ್ತಕ ನೋಡ್ತಾ ನಿನ್ನ ಜೊತೆ ನಾಲ್ಕು. ಏನು ಹೇಳ್ತೀಯ?"

"ಐದಕ್ಕೂ ನಾಲ್ಕಕ್ಕೂ ಇರೋದು ವ್ಯತ್ಯಾಸವೇ ಅಲ್ಲ, ಅಮ್ಮ."

"ನಾನೊಬ್ಬಳೇ ಐವತ್ತು. ಮೊಣಕಾಲು ತಿಕ್ಕಿದ್ದು ಹತ್ತೊಂಬತ್ತು." ಅಮ್ಮ ಪುಟ ತಿರುಗಿಸಿದರು. "ಅರವತ್ತರಲ್ಲಿ ಒಂದು ಖಾಲಿ ಇದೆಯಲ್ಲ?"

"ಆಗ ಬರೆಯೋಕೆ ಕೈ ಬಿಡುವಿರಲಿಲ್ಲ."

ಅಮ್ಮ ತಲೆಯಾಡಿಸಿದರು.

"ನೋವಾದ್ರೆ ಯಾಕಮ್ಮ ನಗ್ತೀರಿ?"

"ಅಯ್ಯೋ ಅಂದ್ರೆ ಎಲ್ಲರೂ ಓಡಿ ಬರ್ತಾರೆ. ನಕ್ಕರೆ ಯಾರೂ ಬರಲ್ಲ. ನೀನೊಬ್ಬ ಬರ್ತಿದ್ದೆ, ಪುಸ್ತಕ ಹಿಡ್ಕೊಂಡು."

ತಿರುಮಲೇಶ ತಲೆ ತಗ್ಗಿಸಿದ. "ಹಾಲಪ್ಪ ನಂಗೆ ಒಂದು ಮಾತೂ ಹೇಳಲಿಲ್ಲ."

"ಹೇಳಬೇಡ ಅಂದಿದ್ದೆ. ಬಂದ ಮಾರನೇ ದಿನವೇ ಅವನಿಗೆ ಗೊತ್ತಾಗಿತ್ತು."

 ಕಡೆಗೆ ತಿರುಮಲೇಶ ಕೇಳಿದ. ಕೇಳದೆ ಇರಲು ಅವನಿಂದ ಆಗಲಿಲ್ಲ.

"ಹೊಸ ತಂಡ ಬರೋ ಸೋಮವಾರದ ಮೊದಲ ಪಾಠ?"

"ಹಾಲಪ್ಪ ಮಾಡ್ಲಿ."

ಆರಿತು ಅಂದುಕೊಂಡಿದ್ದ ಕಿಚ್ಚು ಭಗ್ ಎಂದು ಎದ್ದಿತು. ನಾಚಿಕೆಯೂ ಆಯಿತು, ಆದರೆ ಕಿಚ್ಚು ಅದಕ್ಕೆ ಕಾಯಲಿಲ್ಲ.

"ಅವನಿಗೆ ಮಧ್ಯಾಂಕ ಅಂದ್ರೆ ಏನು ಅಂತಲೇ ಗೊತ್ತಿಲ್ಲ!"

"ಗೊತ್ತಿಲ್ಲ. ಮಕ್ಕಳ ಜೊತೆ ಕಲೀತಾನೆ."

"ಐದು ವರ್ಷ ಕಾದಿದ್ದೀನಿ ಅಮ್ಮ. ಹಾಗಾದ್ರೆ ನಾನೇನು ಮಾಡ್ಲಿ?"

ಅಮ್ಮ ಎರಡೂ ನೋಟುಬುಕ್ಕುಗಳನ್ನು ಮುಚ್ಚಿ ಅವನ ಕೈಗೆ ಕೊಟ್ಟರು.

"ಹಿಂದಿನ ಸಾಲಲ್ಲಿ ಕೂತ್ಕೋ. ಹಲಗೆ ಮೇಲೆ ಹಾಲಪ್ಪ ಬರೆದದ್ದನ್ನು ನೋಡೋ ಮಕ್ಕಳು ಅವನಿಗಿರಲಿ. ಹಲಗೆ ಬಿಟ್ಟು ಪಕ್ಕದವನನ್ನೇ ನೋಡಿ ಹೊಟ್ಟೆ ಉರ್ಕೊಳ್ಳೋ ಮಗು ಒಂದಾದರೂ ಬಂದಿರ್ತದೆ. ಅದನ್ನು ನಿನ್ನಷ್ಟು ಬೇಗ ಗುರುತು ಹಿಡಿಯೋರು ಇಲ್ಲಿ ಯಾರೂ ಇಲ್ಲ. ಆ ಮಗುವಿಗೆ ನೀನು ಮೇಷ್ಟ್ರು."