ಬುಟ್ಟಿಯ ಮೇಲಿನ ದೊರೆ

ಒಂದು ಕೋಳಿಗೂಡಿನಲ್ಲಿ ದಿನಾ ಮೊಟ್ಟೆ ಕಾಣೆಯಾಗುತ್ತಿದ್ದವು. ಕಳ್ಳರು ಬಂದರೆ ಹೇಂಟೆಗಳ ಪರವಾಗಿ ಕೂಗು ಹಾಕಲೆಂದು ದೊರೆ ಹುಂಜಪ್ಪನೇ ಒಂದು ಗಿನಿಕೋಳಿಯನ್ನು ನೇಮಿಸಿದ. ಕಾಳಿನ ಬುಟ್ಟಿಯ ಮೇಲೆ ಕೂತು, ಅವಳಿಗೆ ದಿನವೂ ಒಂದಿಷ್ಟು ರಾಗಿ ಉದುರಿಸುತ್ತಿದ್ದ. ಎಂಥ ಧಾರಾಳಿ ಎಂದು ಗೂಡೆಲ್ಲ ಹೊಗಳಿತು. ಕಾಗೆ ಬಂದರೂ ಮುಂಗುಸಿ ಬಂದರೂ ಗಿನಿಕೋಳಿ ಕೂಗುತ್ತಿದ್ದಳು. ಆದರೂ ಮುದಿ ಹೇಂಟೆ ಬೋಳಕ್ಕ ಕಾವಿಗೆ ಕೂತಿದ್ದ ನಾಲ್ಕು ಮೊಟ್ಟೆಗಳಲ್ಲಿ ಉಳಿದದ್ದು ಒಂದೇ.

ಬೋಳಕ್ಕ ನೇರ ಗಿನಿಕೋಳಿಯ ಮುಂದೆ ಹೋಗಿ ನಿಂತಳು. "ಯಾರೇ ತಿಂದದ್ದು? ನೋಡಿಲ್ಲ ಅನ್ನಬೇಡ."

"ನೋಡಿದೆ ಅಕ್ಕಾ. ಏನು ಮಾಡಲಿ, ಅವರ ರಾಗಿ ತಿಂದ ಬಾಯಿ ಇದು," ಎಂದು ಗಿನಿಕೋಳಿ ಬುಟ್ಟಿಯ ಕಡೆ ಕಣ್ಣು ಹೊರಳಿಸಿದಳು.

ಬೋಳಕ್ಕ ತಲೆಯೆತ್ತಿದಳು. ಅಯ್ಯೋ ಶಿವನೇ, ದೊರೆಯ ಕೊಕ್ಕಿನ ತುದಿಯಲ್ಲಿ ಮೊಟ್ಟೆಯ ಹಳದಿ!

"ಥೂ, ಆ ರಾಗಿ ಅವನ ಅಪ್ಪನ ಮನೆ ಗಂಟೇನೇ? ತಿಪ್ಪೆ ಕೆದರಿ ಬುಟ್ಟಿ ತುಂಬಿಸಿದವರು ನಾವು. ಕೂಗೇ!"

ಗಿನಿಕೋಳಿ ಊರು ಕೇಳುವಂತೆ ಕೂಗಿದಳು.

"ನನ್ನ ಕಾಳು ತಿಂದು ನನ್ನ ಮೇಲೇ ಕೂಗುವೆಯಾ?" ಎಂದು ಹುಂಜಪ್ಪ ಗದರಿದ.

"ಮೊದಲು ಮೂತಿ ಒರೆಸಿಕೊಳ್ಳಿ ದೊರೆ," ಎಂದಳು ಬೋಳಕ್ಕ.

ಕೊಕ್ಕು ಉಜ್ಜಿಕೊಳ್ಳಲು ಅವನು ಗಾಬರಿಯಿಂದ ನೆಲಕ್ಕೆ ಹಾರಿದ. ತಿರುಗಿ ನೋಡುವಷ್ಟರಲ್ಲಿ ಹೇಂಟೆಗಳೆಲ್ಲ ಬುಟ್ಟಿಯ ಮೇಲೆ ಕೂತಿದ್ದರು. ಗಿನಿಕೋಳಿಗೆ ಅಂದಿನ ರಾಗಿಯೂ ತಪ್ಪಲಿಲ್ಲ.