ರಾಜನ ಬಿಕ್ಕಳಿಕೆ

ಹಕ್ಕಿಗಳ ನಾಟಕ ಕಂಪನಿಯಲ್ಲಿ ಬಹುಕಾಲ ಕೊಕ್ಕರೆ ಮಾಡುತ್ತಿದ್ದ ರಾಜನ ಪಾತ್ರ ಕೋಗಿಲೆಯ ಪಾಲಿಗೆ ಬಂತು. ರಾಜ ಸಾಯುವ ಹಾಡನ್ನು ಕೋಗಿಲೆ ಒಂದು ಸ್ವರವೂ ತಪ್ಪದಂತೆ ಹಾಡಿ, "ಒನ್ಸ್ ಮೋರ್" ಕೂಗು ಬಂದೀತೆಂದು ಒಂದು ಕಣ್ಣು ಬಿಟ್ಟುಕೊಂಡೇ ಸತ್ತುಬಿತ್ತು.

ಕೂಗೇನೋ ಬಂತು. "ಮೇಲಿನ ಸ್ವರದಲ್ಲಿ ರಾಜರು ಬಿಕ್ಕಳಿಸಬೇಕಲ್ಲ! ಬಿಕ್ಕಳಿಕೆ ಎಲ್ಲಿ?" ಎಂದು ಗುಬ್ಬಿಗಳು ಗದ್ದಲವೆಬ್ಬಿಸಿದವು.

ಹೆಣ ಎದ್ದು ಪರದೆಯ ಹಿಂದಕ್ಕೆ ಓಡಿತು. ಅಲ್ಲಿ ಕೊಕ್ಕರೆ ಗಂಟುಮೂಟೆ ಕಟ್ಟುತ್ತಿತ್ತು.

"ಅಣ್ಣಾ, ಆ ಬಿಕ್ಕಳಿಕೆ ಯಾವ ರಾಗದ್ದು?"

"ರಾಗವೂ ಇಲ್ಲ, ಮಣ್ಣೂ ಇಲ್ಲ ತಮ್ಮಾ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿಕೊಂಡಿತ್ತು. ಮೊನ್ನೆ ಅದು ಹೊರಬಿತ್ತು. ಅವತ್ತೇ ಕಂಪನಿಯವರು ನನ್ನನ್ನೂ ಹೊರಹಾಕಿದರು."

ಅಷ್ಟರಲ್ಲಿ ಮಾಲೀಕ ಗೂಬೆ ಅದೇ ಮುಳ್ಳನ್ನು ಬೆಳ್ಳಿತಟ್ಟೆಯಲ್ಲಿಟ್ಟು ತಂದಿತು. "ಕಿರೀಟದ ಜೊತೆ ಇದೂ ನಿಮ್ಮದೇ. ನುಂಗಿ. ಇಲ್ಲವಾದರೆ ನೀವೂ ಗಂಟು ಕಟ್ಟಿ."

ಕೋಗಿಲೆ ಕಣ್ಣು ಮುಚ್ಚಿ ನುಂಗಿತು. ರಂಗಕ್ಕೆ ಮರಳಿ ಹಾಡಿತು, ಕಣ್ಣಲ್ಲಿ ನೀರು ಬರುವಂತೆ ಬಿಕ್ಕಳಿಸಿತು, ಅರ್ಧ ನಿಜವಾಗಿಯೇ ಸತ್ತುಬಿತ್ತು.

ಮುಂದಿನ ಸಾಲಿನ ಗುಬ್ಬಿ ಪಕ್ಕದವಳತ್ತ ಬಾಗಿ ಹೇಳಿತು: "ಹುಡುಗ ಪರವಾಗಿಲ್ಲ. ಆದರೆ ಕೊಕ್ಕರೆಯವರ ಬಿಕ್ಕಳಿಕೆಯಲ್ಲಿದ್ದ ಭಾವ ಇವನಿಗೆಲ್ಲಿ ಬರಬೇಕು!"