ಹಲ್ಲುಬಳ್ಳಿಯ ಅಪ್ಪಣೆ

ಕೋಡುಬಳೆ ಕಡಿಯುವುದರಲ್ಲಿ ತನ್ನನ್ನು ಮೀರಿಸುವವರೇ ಇಲ್ಲ ಎಂದು ಕಣಿವೇಪುರದ ಅರಸ ಉದ್ದಂಡರಾಯ ಜಂಬ ಕೊಚ್ಚಿಕೊಳ್ಳುತ್ತಿದ್ದ. ಒಂದು ದಿನ ಕೋಡುಬಳೆಯೇ ಗೆದ್ದಿತು. ರಾಯನ ದವಡೆ ಊದಿಕೊಂಡಿತು.

ಬೆಟ್ಟದಲ್ಲಿ ನಾರುಬೇರು ಆಯುವ ಬೊಮ್ಮಕ್ಕ ಬಂದು ಹಲ್ಲುಬಳ್ಳಿಯ ಬೇರು ತೇದು ಹಚ್ಚಿದಳು. ಗಳಿಗೆಯಲ್ಲಿ ರಾಯನ ನೋವು ಇಳಿಯಿತು, ಬೆಟ್ಟದ ಬೇರೆಲ್ಲ ತನಗೇ ಇರಲೆಂಬ ದುರಾಸೆ ಏರಿತು.

"ಹಲ್ಲುಬಳ್ಳೀನೆಲ್ಲ ಬೇರುಸಹಿತ ಕೀಳಿ! ಒಂದೂ ಉಳೀಬಾರದು!" ಎಂದು ಅಪ್ಪಣೆ ಮಾಡಿದ.

ಊದಿದ ಬಾಯಲ್ಲಿ 'ಬಳ್ಳಿ' ಎಂಬ ಮಾತು ಅಡಗಿಹೋಯಿತು. ಪಾಪ, ಅಪ್ಪಣೆ ಬರೆಯುವ ಕರಣಿಕ ಕಿವಿಗೆ ಬಿದ್ದದ್ದನ್ನೇ ಬರೆದ. ರಾಯ ಓದದೆ ಮುದ್ರೆ ಒತ್ತಿದ.

ಬೊಮ್ಮಕ್ಕ ಅಳುತ್ತಾ ಆಸ್ಥಾನದ ವಿನೋದಗಾರ ಸೂರಪ್ಪಯ್ಯನ ಬಳಿಗೆ ಓಡಿದಳು.

"ಸ್ವಾಮಿ, ನಾವು ಬೀಜ ಉದುರಿದ ಮೇಲೇ ಅಗೀತೀವಿ. ನಾಲ್ಕು ಬಳ್ಳೀಲಿ ಒಂದು ತಗೊಂಡು ಮೂರು ಬಿಡ್ತೀವಿ. ಬೆಟ್ಟಾನೇ ಬೋಳಾದ್ರೆ ನಾಳೆ ನಮ್ಮ ಕೂಸುಗಳ ನೋವಿಗೆ ಏನು ತೇಯ್ಲಿ?"

ಸೂರಪ್ಪಯ್ಯ ಅಪ್ಪಣೆಯ ಓಲೆ ತರಿಸಿ ಓದಿದ. ಮೀಸೆಯಡಿಯಲ್ಲೇ ನಕ್ಕ.

"ಅಳಬೇಡ ತಾಯಿ. ಅಪ್ಪಣೆ ಅಂದ್ರೆ ಅಪ್ಪಣೆ. ಒಂದಕ್ಷರ ಬಿಡದೆ ನಡೆಸಿಬಿಡೋಣ."

ಮರುದಿನ ಆಸ್ಥಾನಕ್ಕೆ ಅವನ ಜೊತೆ ಕಮ್ಮಾರನೂ ಬಂದ. ಕೈಯಲ್ಲಿ ಮೊಳದುದ್ದದ ಇಕ್ಕಳ.

"ಇವನ್ಯಾಕೆ ಬಂದ?" ಎಂದ ರಾಯ.

"ಅಪ್ಪಣೆ ನಡೆಸೋಕೆ, ಪ್ರಭು. ಸ್ವಲ್ಪ ಬಾಯಿ ತೆರೀಬೇಕು." ಸೂರಪ್ಪಯ್ಯ ಓಲೆ ಬಿಚ್ಚಿ ಓದಿದ: "ಹಲ್ಲನ್ನೆಲ್ಲ ಬೇರುಸಹಿತ ಕೀಳುವುದು. ಒಂದೂ ಉಳಿಯಬಾರದು."

ರಾಯ ಸಿಂಹಾಸನದ ಹಿಂದೆ ಅವಿತುಕೊಂಡ. "ಅಯ್ಯೋ, ನಾನು ಹೇಳಿದ್ದು ಬಳ್ಳಿ ಕಣಯ್ಯಾ!"

"ಮುದ್ರೆ ತಮ್ಮದೇ. ಮೂವತ್ತೆರಡೂ ಒಂದೇ ಸಲ ಹೋದರೆ ಮತ್ತೆಂದೂ ನೋವಿಲ್ಲ."

"ನೋವಿರೋದು ಒಂದು ಹಲ್ಲಿಗೆ! ಎಲ್ಲಾ ಇವತ್ತೇ ಕಿತ್ತರೆ ನಾಳೆ ಯಾವುದರಲ್ಲಿ ತಿನ್ನಲಿ?"

"ಬೊಮ್ಮಕ್ಕನೂ ಅದನ್ನೇ ಕೇಳ್ತಿದ್ದಾಳೆ, ಪ್ರಭು. ನೋವಿರೋ ಒಂದು ಹಲ್ಲಿಗೆ ಬೇಕಾದ್ದು ಒಂದು ತುಂಡು ಬೇರು. ಎಲ್ಲಾ ಕಿತ್ತರೆ ತಮ್ಮ ಬಾಯಲ್ಲಾಗಲಿ, ಬೆಟ್ಟದಲ್ಲಾಗಲಿ ಮತ್ತೆ ಹುಟ್ಟೋದಿಲ್ಲ."

ರಾಯನಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ನಕ್ಕರೆ ದವಡೆ ನೋಯುತ್ತಿತ್ತು, ಆದರೂ ನಕ್ಕ. ಹಳೆಯ ಓಲೆಯನ್ನು ಹರಿದು ಹಾಕಿಸಿ, ಬೆಟ್ಟದಲ್ಲಿ ಇನ್ನು ಬೊಮ್ಮಕ್ಕನ ಮಾತೇ ಕಟ್ಟಳೆ ಎಂದು ಹೊಸದು ಬರೆಸಿದ. ಈ ಸಲ ಎರಡೆರಡು ಬಾರಿ ಓದಿಸಿ ಕೇಳಿದ.

ಆಮೇಲೆ ಕೋಡುಬಳೆಯ ತಟ್ಟೆಯನ್ನೇ ಸೂರಪ್ಪಯ್ಯನ ಮುಂದೆ ತಳ್ಳಿದ. "ತಗೋ, ಎಲ್ಲಾ ನಿನಗೇ!"

ತಟ್ಟೆಯಲ್ಲಿದ್ದದ್ದು ನಾಲ್ಕು. ಸೂರಪ್ಪಯ್ಯ ಒಂದನ್ನು ಮಾತ್ರ ಎತ್ತಿಕೊಂಡ.

"ಇಷ್ಟು ಸಾಕು ಪ್ರಭು. ಉಳಿದ ಮೂರು ಬೀಜಕ್ಕಿರಲಿ!"